ರಸ್ತೆ ಕಡೆಯ ಕಬ್ಬು

ಹೊಲವನ್ನು ಜನ ರಸ್ತೆಯಿಂದ ನೋಡುತ್ತಾರೆ ಎಂಬುದೇ ಇಷ್ಟು ವರ್ಷ ನನ್ನ ಬೇಸಾಯದ ಮೂಲಸೂತ್ರವಾಗಿತ್ತು. ಮೇಲಿನಿಂದ ನೋಡುವವನು ದೇವರೊಬ್ಬನೇ. ಅವನು ಕಂಡದ್ದನ್ನು ಬಣ್ಣದ ಚಿತ್ರ ಮಾಡಿ ಯಾರಿಗೂ ಕಳಿಸುವುದಿಲ್ಲ ಎಂಬ ಧೈರ್ಯವೂ ಇತ್ತು.

ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದವನು ನಾನು. ಗೊಬ್ಬರ ಹಾಕುವ ದಿನ ಆರಕ್ಕೆ ಶುರು, ಎಂಟಕ್ಕೆ ತಿಂಡಿ. ಮೂಟೆ ಇಳಿಯುವುದು ರಸ್ತೆಯ ಬದಿಗೆ. ಕೈ ಧಾರಾಳವಾಗುವುದೂ ಅಲ್ಲೇ. ಪಾಂಡವಪುರದ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಬೇಕಲ್ಲ! ಒಳಗಿನ ತುಂಡು ತಲಪುವಷ್ಟರಲ್ಲಿ ಎಂಟಾಗುತ್ತಿತ್ತು. ಮೂಟೆಯ ತಳ ಕೊಡವಿ ಮನೆಗೆ ಬರುತ್ತಿದ್ದೆ.

ಆ ಒಳಗಿನ ತುಂಡು ನನ್ನ ಹೆಂಡತಿ ಜಯಮ್ಮನಿಗೆ ಅವಳಪ್ಪ ಕೊಟ್ಟದ್ದು. ಅಲ್ಲಿ ಕಬ್ಬು ಸೊರಗಿದಾಗಲೆಲ್ಲ, "ನಿಮ್ಮಪ್ಪ ಸತ್ತ ಮಣ್ಣ ತಂದು ನನ್ ತಲೆಗೆ ಕಟ್ಬುಟ್ಟ" ಎನ್ನುತ್ತಿದ್ದೆ. ಅವಳು ಅಡುಗೆಮನೆಗೆ ನಡೆಯುತ್ತಿದ್ದಳು. ಈ ಸಲವಂತೂ ಆ ತುಂಡಿನ ಕಬ್ಬನ್ನೆಲ್ಲ ಕಿತ್ತು ಹೆಬ್ಬೇವು ನೆಡುವುದೆಂದು ತೀರ್ಮಾನಿಸಿ, ಟ್ರಾಕ್ಟರಿಗೂ ಹೇಳಿದ್ದೆ.

ಅಷ್ಟರಲ್ಲಿ ಡ್ರೋನ್ ಹಾರಿಸುವ ಇಲಿಯಾಸ್ ಬಂದ. ನನ್ನ ನೇರ ಸಾಲುಗಳನ್ನು ಆಕಾಶವೂ ಮೆಚ್ಚಲಿ ಎಂದು ನಾನೇ ಕರೆಸಿದ್ದೆ. ಜಗಲಿಯಲ್ಲಿ ಕೂತು, ಬೆಳೆ ಸೊಂಪಾದಲ್ಲಿ ಹಸಿರು, ಸೊರಗಿದಲ್ಲಿ ಕೆಂಪು ಬರುವ ಚಿತ್ರವನ್ನು ಫೋನಿನಲ್ಲಿ ತೋರಿಸಿದ. ರಸ್ತೆಯ ಉದ್ದಕ್ಕೂ ಕಡುಹಸಿರು ಪಟ್ಟಿ; ಒಳಕ್ಕೆ ಹೋದಂತೆ ಹಳದಿ, ಕೊನೆಗೆ ಕೆಂಪು.

"ಮಣ್ಣೇ ಅಂಗೆ ಕಣಪ್ಪ," ಎಂದೆ.

"ಮಣ್ಣಾಗಿದ್ರೆ ಇಂಗೆ ರೋಡಿಂದ ಅಳತೆ ಹಿಡ್ದಂಗೆ ಇಳೀತಿರ್ಲಿಲ್ಲ, ಯಜಮಾನ್ರೆ. ಈ ಕಡೇದು ಮದ್ವೆ ಊಟ ಹೊಡ್ದೈತೆ, ಒಳಗಿಂದು ಉಪಾಸ. ಯಾವ್ದಕ್ಕೂ ಎರಡೂ ಕಡೆ ಮಣ್ಣು ಟೆಸ್ಟ್ ಮಾಡ್ಸಿ."

ಮಾಡಿಸಿದೆ. ಮಣ್ಣಿನ ಜಾತಿ ಎರಡೂ ಕಡೆ ಒಂದೇ. ರಸ್ತೆಯ ಬದಿ ಗೊಬ್ಬರದ ಸಾರಜನಕ ಬೇಕಾದ್ದಕ್ಕಿಂತ ಹೆಚ್ಚು. ಒಳಗೆ ಇಲ್ಲವೆನ್ನುವಷ್ಟು ಕಡಿಮೆ.

"ಸತ್ತಿರೋದು ನಮ್ಮಪ್ಪ ಕಣ್ರೀ, ಮಣ್ಣಲ್ಲ," ಎಂದಳು ಜಯಮ್ಮ. "ಈ ಮನೇನೂ ಅಂಗೇ ಅಲ್ವಾ? ಜಗಲಿಗೆ ವರ್ಷಾ ವರ್ಷಾ ಬಣ್ಣ. ಅಡುಗೆಮನೆ ಗೋಡೆ ನಾನ್ ಬಂದಾಗ ಎಂಗಿತ್ತೋ ಅಂಗೇ ಅದೆ."

ಊರಿನವರು ಹೇಳಿದ್ದರೆ ಹೊಟ್ಟೆಕಿಚ್ಚು ಎನ್ನಬಹುದಿತ್ತು. ಚಿತ್ರಕ್ಕೆ ಹೊಟ್ಟೆಯೇ ಇಲ್ಲ. ನಾಚಿಕೆಯಿಂದ ನನ್ನನ್ನೇ ಒಮ್ಮೆ ಮೇಲಿನಿಂದ ನೋಡಿಕೊಂಡೆ: ಕೋಟಿನೊಳಗಿನ ಅಂಗಿಯಲ್ಲಿ ಹೊರಗೆ ಕಾಣುವ ಕಾಲರು, ಎದೆ ಎರಡನ್ನೇ ಇಸ್ತ್ರಿ ಮಾಡುತ್ತಿದ್ದ ಶಿಸ್ತಿನ ಮನುಷ್ಯ. ಆ ಚಿತ್ರದಲ್ಲೂ ಅಂಚು ಮಾತ್ರ ಹಸಿರು.

ಟ್ರಾಕ್ಟರು ಬೇಡವೆಂದೆ. ಈ ಬಾರಿ ಮೂಟೆಗಳನ್ನು ಒಳಗೇ ಹೊರಿಸಿ, ಕೆಂಪು ಕಂಡಲ್ಲಿ ಹೆಚ್ಚು, ಹಳದಿಗೆ ಅದಕ್ಕಿಂತ ಕಡಿಮೆ, ರಸ್ತೆಯ ಪಟ್ಟಿಗೆ ಏನೂ ಇಲ್ಲ ಎಂದು ಹಾಕಿಸಿದೆ. ಒಳಗಿನ ಕಬ್ಬು ಎದ್ದು ನಿಂತಿತು. ರಸ್ತೆಯದು ಮೊದಲಿನ ಕಡುಹಸಿರು ಬಿಟ್ಟಿತು.

ಮೊನ್ನೆ ನಾನೂ ಜಯಮ್ಮನೂ ಬದುವಿನ ಮೇಲಿದ್ದಾಗ ಪಕ್ಕದ ಹೊಲದ ಚಿಕ್ಕಣ್ಣ ಬೈಕು ನಿಲ್ಲಿಸಿದ. "ಏನ್ಲಾ, ನಿನ್ ಕಬ್ಬು ಮಂಕಾಗೋಗೈತೆ? ವಯಸ್ಸಾಯ್ತು ಕಣ್ಲಾ ನಿಂಗೆ, ಬುಟ್ಬುಡು!"

ಅವನನ್ನು ಒಳಕ್ಕೆ ಎಳೆದೊಯ್ದು ತೋರಿಸಬೇಕೆನಿಸಿತು. ಇಲಿಯಾಸ್ ಮತ್ತೆ ಬಂದು ತೆಗೆದ ಹೊಸ ಚಿತ್ರವಿದ್ದ ಫೋನಿಗೆ ಕೈಯೂ ಹೋಯಿತು. ಅರ್ಧಕ್ಕೇ ಕೈ ಹಿಂದಕ್ಕೆ ತೆಗೆದೆ. ತೋರಿಸುವ ಚಟ ಎಲ್ಲಿ ಹೋಗಿದೆ? ರಸ್ತೆಯಿಂದ ಫೋನಿಗೆ ವರ್ಗವಾಗಿದೆ, ಅಷ್ಟೆ.

"ಊ ಕಣ್ಲಾ, ವಯಸ್ಸಾಯ್ತು," ಎಂದೆ. ಅವನು ಖುಷಿಯಾಗಿ ಹೋದ.

"ಅಂದ್ರೆ ಅನ್ಲಿ ಬುಡಿ," ಎಂದಳು ಜಯಮ್ಮ, ಅಭ್ಯಾಸವಾದವರ ಹಾಗೆ. ಇಷ್ಟು ವರ್ಷ ನಾನಂದದ್ದನ್ನೂ ಅವಳು ಹೀಗೇ ಬಿಡುತ್ತಾ ಬಂದಿದ್ದಳೆಂಬುದು ನನಗೆ ಆಗ ಹೊಳೆಯಿತು.