ಗಿಲೀಟಮ್ಮ ಹಾಕಿದ ಚಿಟಿಕೆ ಉಪ್ಪು

ಕಬ್ಬಿಣದ ಕಡ್ಡಿಯನ್ನು ನಲ್ಲಿ ನೀರಿಗಿಳಿಸಿ ಬ್ಯಾಟರಿಯ ಪ್ಲಸ್ ತುದಿಗೆ, ಇನ್ನೊಂದು ಕಡ್ಡಿಯನ್ನು ಮೈನಸ್ ತುದಿಗೆ ಸೇರಿಸಿ ಕರೆಂಟು ಹರಿಸಿದರೆ ಮೊದಲ ಕಡ್ಡಿ ಕರಗುತ್ತದೆ, ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಇದನ್ನು ನೀವು ಶಾಲೆಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೀರಿ. ನಿಮ್ಮ ಮರೆವಿನಿಂದಲೇ ಕೆಲವರ ಹೊಟ್ಟೆ ತುಂಬುತ್ತಿದೆ.

ಗಿಲೀಟಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಚಿಲಕ, ಬಾಗಿಲಹಿಡಿಗಳಿಗೆ ನಿಕಲ್ ಲೇಪ, ಅಂದರೆ ಗಿಲೀಟು, ಕೊಡುವ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದಾಳೆ. ಹೆಸರು ಅಂಟಿದ್ದೂ ಅಲ್ಲಿಂದಲೇ. ತೊಟ್ಟಿಯಲ್ಲಿ ಒಂದು ಕಡೆ ನಿಕಲ್ ಹಲಗೆ, ಇನ್ನೊಂದು ಕಡೆ ಚಿಲಕ. ಕರೆಂಟು ಹರಿದಂತೆ ಹಲಗೆ ಸವೆಯುತ್ತದೆ, ಚಿಲಕ ಹೊಳೆಯುತ್ತದೆ. ಪ್ರತಿ ಸೋಮವಾರ ಹಲಗೆ ಎತ್ತಿ, ಹೆಬ್ಬೆರಳಿನಿಂದ ಅಂಚು ಸವರಿ ಎಷ್ಟು ಉಳಿದಿದೆ ಎಂದು ಹೇಳುವವಳು ಅವಳೇ.

ಒಂದು ದಿನ ಮನೆಗೆ ಬಂದರೆ ಸೊಸೆ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತಿದ್ದಳು. ಮೇಜಿನ ಮೇಲೆ ಎರಡು ಲೋಟ, ಎರಡರಲ್ಲೂ ಪ್ಲಗ್ಗಿಗೆ ಸೇರಿಸಿದ ಒಂದು ಡಬ್ಬಿಯಿಂದ ಇಳಿದ ಜೋಡಿ ಕಡ್ಡಿ. ಒಂದರ ನೀರು ತಿಳಿ, ಇನ್ನೊಂದರದು ಕೊಚ್ಚೆ. ಪಕ್ಕದಲ್ಲಿ ಟೈ ಕಟ್ಟಿಕೊಂಡು ನಿಂತವನು ನೀರು ಶುದ್ಧ ಮಾಡುವ ಯಂತ್ರ ಮಾರುವವನು.

"ನಲ್ಲಿ ನೀರೇ ಸಾಕು ಅಂತಿದ್ರಲ್ಲ ಅತ್ತೆ, ನೋಡಿ. ಇದನ್ನೇ ಮಗೂಗೆ ಕುಡಿಸಿದೀವಿ. ಯಂತ್ರ ಬರೋ ತನಕ ನಾವಿಬ್ರೂ ಅಮ್ಮನ ಮನೇಲಿರ್ತೀವಿ."

ಮೊಮ್ಮಗಳಿಗೆ ಆ ನೀರನ್ನು ಕೈಯಾರೆ ಕುಡಿಸಿದವಳು ಗಿಲೀಟಮ್ಮನೇ. ಆದರೆ ಕಣ್ಣು ಮಾತ್ರ ಮಾರುವವನ ಕೈ ಬಿಡಲಿಲ್ಲ. ಕೊಚ್ಚೆ ಲೋಟದ ಕಡ್ಡಿಗಳನ್ನು ಅವನು ಸರಸರನೆ ಒರೆಸುತ್ತಿದ್ದ. ಕೊಳೆ ನೀರಿನದಾದರೆ ಕಡ್ಡಿ ಒರೆಸುವ ಅವಸರವೇಕೆ?

"ಪ್ಲಗ್ ಕಿತ್ತು ಕೊಡಪ್ಪ ಇಲ್ಲಿ."

"ನಿಮಗ್ಯಾಕಮ್ಮ ಇದೆಲ್ಲ?"

"ನನ್ನ ಕಸುಬು. ಕೊಡು."

ಹೆಬ್ಬೆರಳು ಸವರಿತು. ಕೊಚ್ಚೆ ಲೋಟದ ಜೋಡಿಯಲ್ಲಿ ಒಂದು ಕಬ್ಬಿಣದ ಕಡ್ಡಿಯ ಮೈತುಂಬ ಗುಳಿ. ತಿಳಿ ನೀರಿನ ಜೋಡಿ ಮಾತ್ರ ನುಣ್ಣಗಿತ್ತು.

"ಈ ತಿಳಿ ನೀರು ನಿನ್ನ ಯಂತ್ರದ್ದಾ?"

"ಹೌದಮ್ಮ. ಕಣ್ಣೀರಿಗಿಂತ ಶುದ್ಧ."

"ಕಣ್ಣೀರಲ್ಲಿ ಉಪ್ಪಿರುತ್ತೆ ಕಣಪ್ಪ. ಅದೊಂದು ಕಮ್ಮಿಯಾಗಿದೆ, ತಾಳು."

ಮಗುವಿನ ಅನ್ನಕ್ಕೆ ಹಾಕುವ ಉಪ್ಪಿನಿಂದಲೇ ಒಂದು ಚಿಟಿಕೆ ಆ ಲೋಟಕ್ಕೆ ಬಿತ್ತು. ಕಡ್ಡಿಗಳನ್ನು ಮತ್ತೆ ಇಳಿಸಿ, ಪ್ಲಗ್ ಹಾಕಿಸಿ ಸ್ವಿಚ್ ಒತ್ತಿಸಿದಳು. ನೋಡನೋಡುತ್ತ ಅವನ ಶುದ್ಧ ನೀರೂ ಕೊಚ್ಚೆಯಾಯಿತು.

"ಉಪ್ಪಿಲ್ಲದ ನೀರಲ್ಲಿ ಕರೆಂಟು ಹರಿಯೋದೇ ಕಷ್ಟ, ಅದಕ್ಕೇ ಕಡ್ಡಿ ಕರಗಿರಲಿಲ್ಲ. ಈ ಬಣ್ಣ ಕಬ್ಬಿಣದ್ದು ಕಣೇ."

ಮಾರುವವನು ಬ್ಯಾಗಿನ ಜಿಪ್ಪು ಎಳೆಯತೊಡಗಿದ. ಸೊಸೆ ಅವನನ್ನೂ ಅತ್ತೆಯನ್ನೂ ಒಂದೇ ಅನುಮಾನದಲ್ಲಿ ನೋಡಿದಳು.

"ಹಾಗಾದ್ರೆ ನಮ್ಮ ನೀರು ಚೆನ್ನಾಗಿದೆ ಅಂತಲಾ?"

"ನಂಗೊತ್ತಿಲ್ಲ. ಈ ಡಬ್ಬಿಗೂ ಗೊತ್ತಿಲ್ಲ. ನಾಳೆ ಒಂದು ಬಾಟಲಿ ತುಂಬಿಸಿ ಪ್ರಯೋಗಾಲಯಕ್ಕೆ ಕೊಡೋಣ. ಅಲ್ಲೀವರೆಗೂ ಕುದಿಸಿ ಕುಡಿಸು."

ಸೊಸೆ ಚೀಲದಿಂದ ಒಂದೇ ಒಂದು ಅಂಗಿ ಹೊರತೆಗೆದಳು. ಮಿಕ್ಕವು ಒಳಗೇ ಇದ್ದವು. "ವರದಿ ಬರಲಿ, ಆಮೇಲೆ ನೋಡೋಣ."

ಸೊಸೆ ಸರಿಯಾಗಿಯೇ ಹೇಳಿದಳು. ಆ ಟೈ ನಾಳೆ ನಿಮ್ಮ ಬಾಗಿಲಿಗೂ ಬರುತ್ತದೆ. ನೀರಿನ ಬಣ್ಣ ನೋಡಿ ಮಕ್ಕಳನ್ನು ಎತ್ತಿಕೊಂಡು ಓಡಬೇಡಿ. ಪ್ಲಗ್ ಕೀಳಿಸಿ, ಕಡ್ಡಿ ಕೇಳಿ ತೆಗೆದುಕೊಂಡು ಸವರಿ ನೋಡಿ, ಅವನ ಲೋಟಕ್ಕೆ ನಿಮ್ಮ ಉಪ್ಪು ಹಾಕಿ. ಆಮೇಲೆ ನಿಮ್ಮ ನೀರನ್ನು ನೀವೇ ಪರೀಕ್ಷೆಗೆ ಕೊಡಿ.