ದಾಳಿಂಬೆ ಸಿಪ್ಪೆಯ ಮದ್ದು

ಇಲಿಮನೆಯ ಅಜ್ಜಿ ಇಪ್ಪತ್ತು ವರ್ಷದಿಂದ ಪ್ರಯೋಗಶಾಲೆಯ ಇಲಿಗಳಿಗೆ ಮೇವು ಹಾಕಿ, ಉಳಿದದ್ದನ್ನು ತೂಗಿ ಪುಸ್ತಕದಲ್ಲಿ ಬರೆಯುತ್ತಿದ್ದಳು. ಅವಳ ಒಲೆ ಉರಿಯುತ್ತಿದ್ದುದೇ ಈ ಕೆಲಸದಿಂದ. ಸಕ್ಕರೆ ಕಾಯಿಲೆಯ ಇಲಿಗಳ ಮೇವಿಗೆ ದೊಡ್ಡ ಡಾಕ್ಟರು ದಾಳಿಂಬೆ ಸಿಪ್ಪೆಯ ರಸ ಕಲಸಿದ ಮೇಲೆ ತಟ್ಟೆಗಳು ಹಾಕಿದ ಹಾಗೇ ವಾಪಸು ಬರತೊಡಗಿದವು. ವಾರದಲ್ಲಿ ಇಲಿಗಳ ಸಕ್ಕರೆ ಇಳಿಯಿತು, ಡಾಕ್ಟರ ಜಂಬ ಏರಿತು.

"ನೋಡಿದ್ಯಾ ಅಜ್ಜಿ, ನನ್ನ ಮದ್ದು?"

"ನೋಡ್ದೆ ಸ್ವಾಮಿ. ಕಹಿಗೆ ಅವು ಬಾಯೇ ಇಡ್ತಿಲ್ಲ. ಉಪವಾಸ ಕೆಡವಿದ್ರೆ ನಿಮ್ಮ ಸಕ್ಕರೆನೂ ಇಳಿಯುತ್ತೆ."

"ಉಳಿದ ಮೇವಿನ ಲೆಕ್ಕದ ಆ ಪುಟ ಹರಿದು ಬೇರೆ ಬರಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಇಷ್ಟೆಲ್ಲ ಓದಿ ಡಾಕ್ಟರಾದವನಿಗೆ ಹಸಿದ ಹೊಟ್ಟೆಯ ಗುರುತು ಸಿಗಲಿಲ್ಲವಲ್ಲ ಎಂದು ಅಜ್ಜಿಗೆ ಹೇಸಿಗೆಯಾಯಿತು. ಅಂದಿನ ತಟ್ಟೆಗಳನ್ನೂ ತೂಗಿ, ಬರೆದು, ಪುಸ್ತಕವನ್ನೂ ಇಲಿಮನೆಯ ಬೀಗದ ಕೈಯನ್ನೂ ಅವನ ಮುಂದಿಟ್ಟಳು.

"ನೀವೇ ಹರೀರಿ. ಅದಕ್ಕೆ ಓದೇನೂ ಬೇಕಾಗಿಲ್ಲ."