ಟೈಪಿಂಗ್ ಕ್ಲಾಸಿನ ಹೊಸ ಯಂತ್ರ

ಟೈಪ್‌ರೈಟರ್ ರಿಪೇರಿಯವರದು ಒಂದೇ ಸಿದ್ಧಾಂತ: ಕೀಲಿ ಒತ್ತಿದರೆ ಅಕ್ಷರ ಮೂಡಬೇಕು, ಮೂಡದಿದ್ದರೆ ಬಿಚ್ಚಬೇಕು. ಹೆಂಡತಿಯ ಟೈಪಿಂಗ್ ಕ್ಲಾಸಿನ ಯಂತ್ರಗಳನ್ನು ಮೂವತ್ತು ವರ್ಷದಿಂದ ಬಿಚ್ಚಿ ಜೋಡಿಸುತ್ತ ಬಂದವರು. ಆದರೆ ತಾವು ಟೈಪ್ ಮಾಡುವುದು ಮಾತ್ರ ಒಂದೇ ಬೆರಳಲ್ಲಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.

ಈಗ ಕ್ಲಾಸಿಗೇ ಕುತ್ತು ಬಂದಿತ್ತು. ಸೋಮವಾರ ಕಂಪ್ಯೂಟರ್ ಕಾಣದಿದ್ದರೆ ಬೇರೆ ಕಡೆ ಸೇರುತ್ತೇವೆ ಎಂದು ಉಳಿದಿದ್ದ ಆರು ಹುಡುಗಿಯರೂ ಹೇಳಿಬಿಟ್ಟಿದ್ದರು. ರಿಪೇರಿಯವರು ಹಳೆಯದೊಂದು ಕಂಪ್ಯೂಟರ್ ತಂದು, ಅಂಗಡಿಯವನು ಪೆನ್‌ಡ್ರೈವ್‌ನಲ್ಲಿ ಕೊಟ್ಟ ಲಿನಕ್ಸ್ ತಂತ್ರಾಂಶವನ್ನು ಭಾನುವಾರವಿಡೀ ಕೂತು ಹಾಕಿದರು. ಸೋಮವಾರ ಬೆಳಗ್ಗೆ ಕಪ್ಪು ಪರದೆ ಹೆಸರು ಕೇಳಿತು. ಇಂಗ್ಲಿಷಿನಲ್ಲಿ ‘ಕ್ಲಾಸ್’ ಎಂದು ಒತ್ತಿದರು, ಮೂಡಿತು. ಪಾಸ್‌ವರ್ಡ್ ಕೇಳಿತು. ಒತ್ತಿದರು. ಒಂದು ಚುಕ್ಕೆಯೂ ಇಲ್ಲ.

"ಕೀಲಿ ಕೈಕೊಟ್ಟಿವೆ," ಎಂದು ತೀರ್ಪು ಕೊಟ್ಟು, ಇದ್ದಬದ್ದ ಕೀಲಿಗಳನ್ನೆಲ್ಲ ಕಿತ್ತು, ಬ್ರಷ್ ಆಡಿಸಿ ಮತ್ತೆ ಕೂರಿಸಿದರು. ಆಗಲೂ ಇಲ್ಲ. ಅಂಗಡಿಯವನಿಗೆ ಫೋನ್ ಹಚ್ಚಿದರೆ ಅವನು ನಕ್ಕ. "ಪಾಸ್‌ವರ್ಡ್ ಅದರಲ್ಲಿ ಕಾಣಲ್ಲ ಸಾರ್. ಸುಮ್ನೆ ಒತ್ತಿ ಎಂಟರ್ ಹೊಡೀರಿ."

ಇದನ್ನು ಮೊದಲೇ ಬೊಗಳಬಾರದಿತ್ತೇ! ರಿಪೇರಿಯವರು ಒತ್ತಿದರು. ತಪ್ಪು ಎಂದಿತು ಯಂತ್ರ. ಒಂದೊಂದೇ ಕೀಲಿ ನೋಡಿ ನೋಡಿ ಒತ್ತಿದರು. ಮತ್ತೆ ತಪ್ಪು. ಹತ್ತು ಸಲವಾಯಿತು. ಮೆಟ್ಟಿಲ ಮೇಲೆ ಹುಡುಗಿಯರ ಚಪ್ಪಲಿ ಸದ್ದು ಕೇಳಿಸಿತು.

"ಏಳ್ರೀ, ನಾನು ನೋಡ್ತೀನಿ," ಎಂದು ಹೆಂಡತಿ ಬಂದು ಕೂತರು. "ಏನಿಟ್ಟಿದ್ದೀರಿ ಪಾಸ್‌ವರ್ಡು?"

"ಅದು... ಬಿಡೇ."

"ಹುಡುಗೀರು ಬಂದೇಬಿಟ್ರು. ಹೇಳ್ರೀ!"

"ಮಹಾರಾಣಿ," ಎಂದರು, ಕಿವಿಯವರೆಗೂ ಕೆಂಪಾಗಿ. "ನಿನ್ನನ್ನ ಮನಸ್ಸಲ್ಲೇ ಹಾಗೆ ಕರೀತೀನಿ."

ಹೆಂಡತಿ ಶಿಷ್ಯೆಯರಿಗೆ ಕಲಿಸುವ ಹಾಗೆಯೇ ಕಣ್ಣನ್ನು ಗೋಡೆಗೆ ನೆಟ್ಟು ಹತ್ತು ಬೆರಳನ್ನೂ ಆಡಿಸಿದರು. ಯಂತ್ರ ತೆರೆದುಕೊಂಡಿತು.

"ನಾನು ಒತ್ತಿದ್ದೂ ಅದನ್ನೇ ಕಣೇ!"

ಆಕೆ ಆಗ ಕೀಲಿಗಳತ್ತ ನೋಡಿದರು. "ಎಮ್ ಜಾಗದಲ್ಲಿ ಎನ್ ಕೂರಿಸಿದ್ದೀರಿ, ಎನ್ ಜಾಗದಲ್ಲಿ ಎಮ್."

ರಿಪೇರಿಯವರು ನಾಚಿ ಸ್ಕ್ರೂಡ್ರೈವರ್ ಎತ್ತಿಕೊಂಡರು. ಹೆಂಡತಿ ಅವರ ಕೈ ಹಿಡಿದರು.

"ಹಾಗೇ ಇರಲಿ ಬಿಡಿ. ಕೀಲಿ ನೋಡ್ಕೊಂಡು ಟೈಪ್ ಮಾಡೋ ಚಾಳಿ ಹುಡುಗೀರಿಗೆ ತಾನಾಗೇ ಬಿಟ್ಟುಹೋಗುತ್ತೆ."

ಬಾಗಿಲಲ್ಲಿ ಆರು ತಲೆ ಇಣುಕಿದವು. ಆಕೆ ದನಿ ತಗ್ಗಿಸಿದರು. "ಪಾಸ್‌ವರ್ಡನ್ನೂ ಬದಲಾಯಿಸ್ಬೇಡಿ."